ಸದ್ದಿಗೆ ಬೆಚ್ಚದ ಮರಿ

ನಾಯಿ ಆರಿಸುವ ವಿಷಯದಲ್ಲಿ ಅಪ್ಪನಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ನೀನು ಬರೀ ಮೈ ಬಣ್ಣ ನೋಡ್ತೀಯ" ಅನ್ನುತ್ತಿದ್ದರು. ನಿಜವೇ. ಹದಿನೈದು ವರ್ಷದ ಹುಡುಗಿ ಬಣ್ಣ ನೋಡದೆ ಇನ್ನೇನು ನೋಡುತ್ತಾಳೆ? ಅದೂ ನಾನು ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ. ಬೆಳಗಾದರೆ ಹಿತ್ತಲಿನಲ್ಲಿ ಬಣ್ಣ ಹಾಕಿದ ನೂಲಿನ ಲಡಿಗಳು ಬಿದಿರಿನ ಗಳುವಿನ ಮೇಲೆ ಒಣಗುತ್ತಿರುತ್ತಿದ್ದವು. ಯಾವ ಬಣ್ಣ ಚೆನ್ನಾಗಿ ಹಿಡಿದಿದೆ, ಯಾವುದು ಮಂಕಾಗಿದೆ ಅನ್ನುವುದೇ ಊಟದ ಹೊತ್ತಿನ ಮಾತು.

ಆ ಲಡಿಗಳ ಸಲುವಾಗಿಯೇ ನಮಗೆ ನಾಯಿ ಬೇಕಾಗಿದ್ದು. ಬೇಲಿ ನುಸುಳಿ ಬರುವ ಮೇಕೆಗಳು ಹಸಿ ನೂಲನ್ನು ಎಳೆದಾಡಿ ಸಿಕ್ಕು ಮಾಡಿಬಿಡುತ್ತಿದ್ದವು. ಕೋತಿಗಳು ಬಂದರಂತೂ ಕೇಳುವುದೇ ಬೇಡ. ಅದಕ್ಕೆ ಮುಂಚೆ ಎರಡು ನಾಯಿ ತಂದಿದ್ದೆವು, ಎರಡೂ ನಿಲ್ಲಲಿಲ್ಲ. ನಡುಮನೆಯಲ್ಲಿ ಓಡುತ್ತಿದ್ದ ಎರಡು ಕರೆಂಟಿನ ಮಗ್ಗಗಳ ಸದ್ದೇ ಕಾರಣ. ಮೊದಲನೆಯದು ಮೂರೇ ದಿನಕ್ಕೆ ಓಡಿಹೋಗಿ ಬಸ್ ಸ್ಟ್ಯಾಂಡಿನ ಹೋಟೆಲಿನ ಹಿಂದೆ ಸಂಸಾರ ಹೂಡಿತು. ಎರಡನೆಯದು ಮಗ್ಗ ಶುರುವಾದ ಕೂಡಲೇ ಮಂಚದ ಕೆಳಗೆ ಸೇರಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಅಮ್ಮನೇ ಅದನ್ನು ಯಾರಿಗೋ ಕೊಟ್ಟು ಕೈ ತೊಳೆದುಕೊಂಡಳು.

ಆ ಸದ್ದು ಎಂಥದ್ದು ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮಗ್ಗ ಓಡುವಾಗ ಪಕ್ಕದಲ್ಲೇ ನಿಂತು ಕಿರುಚಿದರೂ ಕೇಳದು. ಹಾಗಾಗಿ ನಮ್ಮ ಮನೆಯಲ್ಲಿ ಅರ್ಧ ಮಾತು ಬಾಯಲ್ಲಿ, ಅರ್ಧ ಕೈಯಲ್ಲಿ. ಐದೂ ಬೆರಳು ಸೇರಿಸಿ ಬಾಯಿಗೆ ತಂದರೆ ಊಟಕ್ಕೆ ಬಾ ಅಂತ. ತೋರುಬೆರಳು ಗಿರಗಿರ ತಿರುಗಿಸಿದರೆ ಲಾಳಿಯ ನೂಲು ಮುಗೀತು, ಕಂಡಿಕೆಗೆ ಹೊಸ ನೂಲು ಸುತ್ತಿಕೊಡು ಅಂತ. ಅಂಗೈ ಕೆಳಗೆ ಮಾಡಿ ಒತ್ತಿದರೆ ನಿಲ್ಲಿಸು. ಅಮ್ಮ ನನ್ನನ್ನು ಬೈಯುವುದನ್ನೂ ಕೈಯಲ್ಲೇ ಮುಗಿಸುತ್ತಿದ್ದಳು, ಅದಕ್ಕೆ ಎದುರುತ್ತರ ಕೊಡುವುದು ನನಗೂ ಬರುತ್ತಿತ್ತು.

"ಈ ಸಲ ಗುಣ ನೋಡಿ ತರೋಣ. ಸದ್ದಿಗೆ ಹೆದರದೇ ಇರೋದು ಬೇಕು" ಅಂದರು ಅಪ್ಪ. ಅಮ್ಮನ ತಮ್ಮ, ನನ್ನ ಸೋದರಮಾವ, ವಿಜಯಪುರದ ಹತ್ತಿರದ ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದರು. ಅವರ ಮನೆಯ ನಾಯಿ ಮರಿ ಹಾಕಿದೆ ಅಂತ ತಿಳಿದು, ಅಪ್ಪನೂ ನಾನೂ ಒಂದು ಭಾನುವಾರ ದೇವನಹಳ್ಳಿಯಲ್ಲಿ ಬಸ್ ಬದಲಾಯಿಸಿಕೊಂಡು ಅಲ್ಲಿಗೆ ಹೋದೆವು.

ಒಣಗಿದ ಕಡ್ಡಿಯ ಮೆದೆಯ ಪಕ್ಕದಲ್ಲಿ ಐದು ಮರಿಗಳಿದ್ದವು. ನಾಲ್ಕು ಮಣ್ಣಿನ ಬಣ್ಣದವು. ಐದನೆಯದು ಅಚ್ಚ ಬಿಳಿ, ಒಂದು ಕಣ್ಣು ತಿಳಿ ನೀಲಿ. ನನ್ನ ತೀರ್ಮಾನ ಅಲ್ಲಿಗೇ ಮುಗಿಯಿತು. ಮಾವನ ಪರೀಕ್ಷೆ ಬೇರೆ. ಕಾಲಿನ ಉಗುರು ಎಣಿಸಿ, ಬಾಯಿ ತೆರೆಸಿ ಅಂಗುಳು ಕಪ್ಪಗಿದೆಯೋ ನೋಡಿ, "ಇಪ್ಪತ್ತು ಉಗುರಿದ್ರೆ ಕಣ್ಮುಚ್ಕೊಂಡು ತಗೊಂಡೋಗಿ ಭಾವ" ಅಂದರು. ಅಪ್ಪ ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಒಂದು ಖಾಲಿ ಸೀಮೆಎಣ್ಣೆ ಡಬ್ಬವನ್ನೂ ಕಟ್ಟಿಗೆ ತುಂಡನ್ನೂ ಕೇಳಿ ತೆಗೆದುಕೊಂಡು, ಸದ್ದಿಲ್ಲದೆ ಮರಿಗಳ ಹಿಂದಕ್ಕೆ ಹೋಗಿ ನಿಂತು, ಢಣ್ ಅಂತ ಬಡಿದರು.

ನಾಲ್ಕು ಮರಿಗಳು ದಿಕ್ಕಾಪಾಲಾಗಿ ಓಡಿದವು. ಅದರಲ್ಲಿ ಸೊಟ್ಟ ಬಾಲದ ಒಂದು ಕಂದು ಮರಿ ಸ್ವಲ್ಪ ಹೊತ್ತಿಗೆ ನಡುಗುತ್ತಲೇ ವಾಪಸ್ಸು ಬಂದು ಡಬ್ಬ ಮೂಸಿ ನೋಡಿತು. ಬಿಳಿಯದು ಮಾತ್ರ ಕೂತ ಜಾಗ ಬಿಟ್ಟು ಅಲ್ಲಾಡಲಿಲ್ಲ. ಎದುರಿಗೆ ಕೆದಕುತ್ತಿದ್ದ ಕೋಳಿಯನ್ನೇ ನೋಡುತ್ತಾ ಕೂತಿತ್ತು. ಅಪ್ಪ ಇನ್ನೆರಡು ಸಲ ಬಡಿದರು. ತಿರುಗಿಯೂ ನೋಡಲಿಲ್ಲ.

"ನೋಡ್ದಾ? ಗುಂಡಿಗೆ ಅಂದ್ರೆ ಇದು!" ಅಂದರು ಅಪ್ಪ. ಪರೀಕ್ಷೆಯಲ್ಲಿ ತಾವೇ ಪಾಸಾದ ಹಾಗಿತ್ತು ಅವರ ಮುಖ.

"ನನ್ ಮಾತ್ ಕೇಳಿ ಭಾವ, ಆ ಕಂದು ಮರಿ ತಗೊಂಡೋಗಿ. ಹೆದ್ರಿದ್ರೂ ಏನದು ಅಂತ ನೋಡಕ್ಕೆ ವಾಪಸ್ ಬಂತಲ್ಲ, ಬುದ್ಧಿ ಐತೆ ಅದಕ್ಕೆ" ಅಂದರು ಮಾವ.

ನಮ್ಮಿಬ್ಬರಿಗೂ ಅದು ಕಿವಿಗೇ ಬೀಳಲಿಲ್ಲ. ಅಪ್ಪನೂ ಮಗಳೂ ಒಂದು ವಿಷಯದಲ್ಲಿ ಒಪ್ಪಿದ್ದೇ ಅಪರೂಪ, ಆ ಖುಷಿಯಲ್ಲಿ ಮರಿಯನ್ನು ಕುಕ್ಕೆಯಲ್ಲಿ ಹಾಕಿಕೊಂಡು ಬಸ್ ಹತ್ತಿದೆವು. ನಾನು ರೂಪ ನೋಡಿದೆ, ಅಪ್ಪ ಗುಣ ನೋಡಿದರು. ಮರಿಯನ್ನು ಇಬ್ಬರೂ ನೋಡಲಿಲ್ಲ.

ಮನೆಗೆ ಬಂದ ದಿನವೇ ಅದು ಓಡುವ ಮಗ್ಗದ ಪಕ್ಕದಲ್ಲಿ ಮೈಚಾಚಿ ನಿದ್ದೆ ಹೊಡೆಯಿತು. ಬೀದಿಯವರೆಲ್ಲ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ವಾರ ಕಳೆಯುವುದರಲ್ಲಿ ನಮ್ಮ ಕೈಮಾತು ಕಲಿತುಬಿಟ್ಟಿತು. ಬಾಯಿಗೆ ಬೆರಳು ತಂದರೆ ತಟ್ಟೆಯ ಹತ್ತಿರ ಓಡಿಬರುತ್ತಿತ್ತು. ಸ್ವಲ್ಪ ಬಲಿತ ಮೇಲೆ ಹಿತ್ತಲಲ್ಲಿ ಮೇಕೆ ಕಂಡರೆ ಸಾಕು, ಬಾಣದ ಹಾಗೆ ನುಗ್ಗುತ್ತಿತ್ತು. ಎರಡು ದಿನ ಯೋಚಿಸಿ ಅದಕ್ಕೊಂದು ಹೆಸರಿಟ್ಟಿದ್ದೆ. ಅದು ಒಂದು ದಿನವೂ ಕೇಳದ ಹೆಸರಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಎಷ್ಟು ಕರೆದರೂ ಬರುತ್ತಿರಲಿಲ್ಲ. ಬೇರೆ ನಾಯಿಯಾಗಿದ್ದರೆ ಪೆದ್ದು ಅನ್ನುತ್ತಿದ್ದೆ. ಇದು ಬೆಳ್ಳಗಿತ್ತು, ಆದ್ದರಿಂದ ಗತ್ತು ಅಂದುಕೊಂಡೆ.

ಆ ಬೇಸಿಗೆಯಲ್ಲಿ ಕರೆಂಟು ಬಂದಷ್ಟೇ ಬಾರಿ ಹೋಗುತ್ತಿತ್ತು. ಒಂದು ಮಧ್ಯಾಹ್ನ ಹಾಗೆಯೇ ಮಗ್ಗಗಳು ನಿಂತವು. ಅಪ್ಪ ನಮಗೆ ಬೆನ್ನು ಮಾಡಿ ಕಡಿದ ಎಳೆ ಗಂಟು ಹಾಕುತ್ತಿದ್ದರು. ನಾಯಿ ಅವರ ಪಕ್ಕದಲ್ಲಿ, ಅದೂ ಬೆನ್ನು ಮಾಡಿಯೇ ಕೂತಿತ್ತು. ಮನೆ ಪೂರಾ ನಿಶ್ಶಬ್ದ. ಅಡುಗೆಮನೆಯಿಂದ ಅಮ್ಮ "ಏನೂಂದ್ರೆ, ಊಟಕ್ಕೆ ಬನ್ನಿ" ಅಂದಳು. ನಾನು ನಾಯಿಯನ್ನು ಕರೆದೆ. ಅಮ್ಮ ಇನ್ನೊಮ್ಮೆ ಕರೆದಳು. ನಾನೂ ಇನ್ನೊಮ್ಮೆ ಕರೆದೆ. ಎರಡು ಬೆನ್ನುಗಳಲ್ಲಿ ಒಂದೂ ತಿರುಗಲಿಲ್ಲ.

ಆಗ ನನ್ನ ಯೋಚನೆ ಹರಿದದ್ದು ನಾಯಿಯ ಕಡೆಗೆ ಮಾತ್ರ. ಸೌಟು, ತಟ್ಟೆ ತಂದು ಅದರ ತಲೆಯ ಹಿಂದೆಯೇ ಬಡಿದೆ. ಅಪ್ಪ ಬೆಚ್ಚಿ ತಿರುಗಿದರು. ನಾಯಿ ತಿರುಗಲಿಲ್ಲ.

"ಅಪ್ಪ, ಇದಕ್ಕೆ ಕಿವಿ ಕೇಳ್ಸಲ್ಲ!" ಅಂತ ಕಿರುಚಿದೆ.

ಅಪ್ಪ ಅದರ ಹಿಂದೆ ಚಪ್ಪಾಳೆ ತಟ್ಟಿದರು, ಮಗ್ಗದ ಮರಕ್ಕೆ ಕೋಲಿನಲ್ಲಿ ಹೊಡೆದರು. ಆಮೇಲೆ ಮುಖ ಕೆಂಪೇರಿತು. "ನಾಚಿಕೆಗೇಡು. ಭಾನುವಾರ ವಾಪಸ್ ಬಿಟ್ಟು ಬರ್ತೀನಿ. ಕಿವಿ ಕೇಳದಿರೋದನ್ನ ಮನೇಲಿಟ್ಕೊಂಡು ಏನು ಮಾಡೋದು?" ಅಂದರು.

ವಾಪಸ್ಸು ಅಂದರೆ ಏನೆಂದು ನನಗೆ ಗೊತ್ತಿತ್ತು. ಮಾವನ ಮನೆಗೂ ಅದು ಬೇಡ. ರಸ್ತೆ ಪಕ್ಕದ ಹೊಲ, ಹಿಂದಿನಿಂದ ಬರುವ ಲಾರಿಯ ಹಾರ್ನ್ ಕೂಡ ಕೇಳದ ನಾಯಿ. ಎಷ್ಟು ದಿನ ಬದುಕೀತು? ಅಪ್ಪ ಬಚ್ಚಲ ಕಡೆ ತಿರುಗಿ ಕೈ ತೊಳೆಯಲು ಹೋದರು. ಅಮ್ಮ ಎರಡು ಸಲ ಕರೆದಾಗ ಆ ಬೆನ್ನೂ ತಿರುಗಿರಲಿಲ್ಲ ಅನ್ನುವುದು ಆಗ ಹೊಳೆಯಿತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅವರ ಬೆನ್ನ ಹಿಂದೆಯೇ ನಿಂತು ಅಂದುಬಿಟ್ಟೆ:

"ನಿಮಗೂ ಕೇಳ್ಸಲ್ವಲ್ಲ ಅಪ್ಪ, ನಿಮ್ಮನ್ನ ಎಲ್ಲಿ ಬಿಟ್ಟು ಬರೋಣ?"

ಪಿಸುಗುಟ್ಟಿದ್ದಲ್ಲ, ಎಲ್ಲರಂತೆ ಮಾತಾಡುವ ದನಿಯಲ್ಲೇ ಅಂದದ್ದು. ಅವರಿಗೂ ನನಗೂ ಮೂರು ಮಾರು ದೂರ. ಅಪ್ಪ ಚೊಂಬಿನಿಂದ ನೀರು ಹಾಕಿಕೊಂಡು ನಿಧಾನವಾಗಿ ಬೆರಳುಗಳ ಸಂದಿ ಉಜ್ಜುತ್ತಾ ನಿಂತಿದ್ದರು. ಕೇಳಿದ್ದು ಅಮ್ಮನಿಗೆ. ಅವಳ ಮುಖ ಸುಣ್ಣ ಬಳಿದಂತಾಯಿತು. ನನ್ನ ಕಡೆಗೆ ಅಂಗೈ ಕೆಳಗೆ ಮಾಡಿ ಒತ್ತಿದಳು. ನಿಲ್ಲಿಸು. ಆಮೇಲೆ ಸುತ್ತಿಕೊಂಡು ಹೋಗಿ ಅಪ್ಪನ ಎದುರಿಗೆ ನಿಂತು, ಐದೂ ಬೆರಳು ಬಾಯಿಗೆ ತಂದು ತೋರಿಸಿದಳು. ಮಗ್ಗ ಓಡುತ್ತಿರಲಿಲ್ಲ. ಕೈಮಾತಿನ ಅಗತ್ಯವೇ ಇರಲಿಲ್ಲ.

ಸಾಯಂಕಾಲ ನೂಲು ಸುತ್ತುವಾಗ ಅಮ್ಮ ತಾನಾಗಿಯೇ ಹೇಳಿದಳು. "ಎರಡು ವರ್ಷ ಆಯ್ತು. ಜೋರಾಗಿ ಸದ್ದು ಮಾಡಿದ್ರೆ ಕೇಳ್ಸುತ್ತೆ, ಮಾತು ಕೇಳ್ಸಲ್ಲ. ನಮಗೆ ಗೊತ್ತಿಲ್ಲ ಅಂದ್ಕೊಂಡವ್ರೆ. ಹಂಗೇ ಇರ್ಲಿ ಬಿಡು." ಲಾಳಿ ಎಡವಿದರೆ, ಎಳೆ ಕಡಿದರೆ ನೇಯುವವನ ಕಿವಿಗೆ ಮೊದಲು ಗೊತ್ತಾಗಬೇಕು, ಆಮೇಲೆ ಕಣ್ಣಿಗೆ ಅಂತ ನನಗೆ ಕಲಿಸಿದವರೇ ಅಪ್ಪ. ಕಿವಿ ಹೋಯಿತು ಅಂತ ಕೂಲಿಗೆ ಸೀರೆ ನೇಯಿಸುವ ಸಾಹುಕಾರರಿಗೆ ತಿಳಿದರೆ ನೂಲು ಕೊಡುವುದನ್ನು ನಿಲ್ಲಿಸಿಯಾರು. ಹಿಂದಿನ ತಿಂಗಳು ಒಂದು ಸೀರೆ ತಪ್ಪು ಬಿದ್ದು ವಾಪಸ್ಸು ಬಂದಿತ್ತು. ಅಪ್ಪ ನೂಲಿನ ಮೇಲೆ ತಪ್ಪು ಹೊರಿಸಿದ್ದರು. ಕರೆದಾಗ ತಿರುಗದಿದ್ದರೆ ಅಪ್ಪನಿಗೆ ಸಿಟ್ಟು ಬಂದಿದೆ, ಅವರು ಮಾತು ಕಡಿಮೆಯ ಗಂಭೀರ ಮನುಷ್ಯ ಅಂತ ನಾನು ಅಂದುಕೊಂಡಿದ್ದೆ. ನಾಯಿಯ ಗತ್ತಿನ ಹಾಗೆಯೇ ಅದೂ.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಅಂಥ ಮಾತು ಅಂದ ಬಾಯಿಗೆ ಅನ್ನ ಹೇಗೆ ಹೋದೀತು?

ಭಾನುವಾರಕ್ಕೆ ನಾಲ್ಕು ದಿನ ಉಳಿದಿತ್ತು. ಅಷ್ಟರಲ್ಲಿ ನಾಯಿಯನ್ನು ಕರೆಯುವ ದಾರಿ ಹುಡುಕಬೇಕಿತ್ತು. ನಡುಮನೆಯಲ್ಲಿ ಒಂದು ಉದ್ದನೆಯ ಕಲ್ಲು ಚಪ್ಪಡಿ ಸರಿಯಾಗಿ ಕೂತಿರಲಿಲ್ಲ. ಒಂದು ತುದಿ ಮೆಟ್ಟಿದರೆ ಇನ್ನೊಂದು ತುದಿ ಅದುರುತ್ತಿತ್ತು. ಗಾರೆಯವನನ್ನು ಕರೆಸಿ ಸರಿಮಾಡಿಸಿ ಅಂತ ಅಮ್ಮ ವರ್ಷದಿಂದ ಹೇಳುತ್ತಲೇ ಇದ್ದಳು. ನಾಯಿ ಆ ತುದಿಯಲ್ಲಿ ಮಲಗಿದ್ದಾಗ ನಾನು ಈ ತುದಿಯನ್ನು ಹಿಮ್ಮಡಿಯಿಂದ ಎರಡು ಸಲ ಮೆಟ್ಟಿದೆ. ಅದು ಥಟ್ಟನೆ ತಲೆ ಎತ್ತಿ ನನ್ನ ಕಡೆ ತಿರುಗಿತು. ಒಂದು ಚೂರು ಮುದ್ದೆ ಕೊಟ್ಟೆ. ಇನ್ನೊಮ್ಮೆ ಮೆಟ್ಟಿದೆ. ಮೂರನೆಯ ದಿನಕ್ಕೆ ಎರಡು ಸಲ ಮೆಟ್ಟಿದರೆ ಎದ್ದು ಬಂದು ನನ್ನ ಕಾಲ ಬಳಿ ನಿಲ್ಲುತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಅಂಗಿ ತೊಟ್ಟು, ಹಗ್ಗ ತೋಳಿಗೆ ಸಿಕ್ಕಿಸಿಕೊಂಡು ಬಂದರು. ಬಾಗಿಲ ಹತ್ತಿರ, ಆ ಚಪ್ಪಡಿಯ ತುದಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ನನಗೆ ಬೆನ್ನು ಹಾಕಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದರು. ನಾಯಿ ಅವರ ಪಕ್ಕದಲ್ಲಿ ಬೀದಿ ನೋಡುತ್ತಾ ಕೂತಿತ್ತು. ಅದು ಕಲಿತದ್ದನ್ನು ಅಪ್ಪನಿಗೆ ತೋರಿಸಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿದ್ದುದು. ಬೇರೇನೂ ಯೋಚಿಸಲಿಲ್ಲ, ದೇವರಾಣೆ. ಜೋರಾಗಿ ಎರಡು ಸಲ ಮೆಟ್ಟಿದೆ.

ಇಬ್ಬರೂ ಒಟ್ಟಿಗೆ ತಿರುಗಿದರು.

ನಾಯಿ ಎದ್ದು ಬಾಲ ಅಲ್ಲಾಡಿಸುತ್ತಾ ನನ್ನ ಹತ್ತಿರ ಬಂತು. ಅಪ್ಪ ಕೂತಲ್ಲಿಂದಲೇ ನೋಡಿದರು. ನಾಯಿಯನ್ನು, ನನ್ನ ಹಿಮ್ಮಡಿಯನ್ನು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು. ಅಮ್ಮ ಕಣ್ಣು ತಗ್ಗಿಸಿದಳು. ಅಷ್ಟೇ ಸಾಕಾಯಿತು. ನಮಗೆಲ್ಲ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಾದದ್ದನ್ನು ನಾನು ಅವರ ಮುಖದಲ್ಲೇ ಕಂಡೆ. ಅಂಥ ಮುಖ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಪ್ಪ ಚಪ್ಪಲಿ ಬಿಚ್ಚಿದರು. ಹಗ್ಗವನ್ನು ಮೊಳೆಗೆ ತಗುಲಿಹಾಕಿದರು. ತಾವೇ ಚಪ್ಪಡಿಯ ತುದಿಗೆ ಬಂದು, ಬರಿಗಾಲಿನಲ್ಲಿ ಎರಡು ಸಲ ಮೆಟ್ಟಿದರು. ನಾಯಿ ನನ್ನನ್ನು ಬಿಟ್ಟು ಅವರ ಬಳಿಗೆ ಹೋಯಿತು. "ಬುದ್ಧಿ ಐತೆ" ಅಂದರು, ಯಾರಿಗೆ ಅಂತ ಇಲ್ಲದೆ.

ಗಾರೆಯವನನ್ನು ಅವರು ಕರೆಸಲೇ ಇಲ್ಲ. ಒಂದು ಮಗ್ಗವನ್ನು ನಾನು ನೋಡಿಕೊಳ್ಳತೊಡಗಿದೆ. ಅವರ ಮಗ್ಗದಲ್ಲಿ ಎಳೆ ಕಡಿದ ಸದ್ದು ನನಗೆ ಕೇಳಿದರೆ ಕಾಲು ಮೆಟ್ಟಿ ಅಪ್ಪನಿಗೆ ತೋರಿಸುತ್ತಿದ್ದೆ. ಅಮ್ಮನಿಗೂ ಹಾಯೆನಿಸಿತು. ಗಂಡನನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ, ಕೂಗಿದರೆ ಕೇಳುವುದಿಲ್ಲ. ಈಗ ಎರಡು ಸಲ ಮೆಟ್ಟಿದರೆ ನಾಯಿಯೂ ಬರುತ್ತಿತ್ತು, ಯಜಮಾನರೂ ಬರುತ್ತಿದ್ದರು. ಮಾವ ಇಟ್ಟುಕೊಂಡ ಆ ಕಂದು ಮರಿ ಊರಿಗೇ ಹೆಸರಾದ ಕಾವಲು ನಾಯಿಯಾಯಿತು. ಬಂದಾಗಲೆಲ್ಲ ಮಾವ ಅದನ್ನು ಹೇಳಿ ನಮ್ಮ ಹೊಟ್ಟೆ ಉರಿಸುತ್ತಿದ್ದರು.

ಮೂರ್ನಾಲ್ಕು ವರ್ಷ ಕಳೆದು ನನ್ನ ಮದುವೆ ಗೊತ್ತಾಯಿತು. "ಈ ಸಲ ಡಬ್ಬ ಬಡೀಲಿಲ್ಲಮ್ಮ, ನಾಲ್ಕು ಕಡೆ ವಿಚಾರಿಸಿದೀನಿ" ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ಅಷ್ಟು ಹೊತ್ತಿಗೆ ಅವರಿಗೆ ಡಬ್ಬದ ಸದ್ದೂ ಕೇಳುತ್ತಿರಲಿಲ್ಲ. ಎದುರಿಗೆ ಕೂತು ನಿಧಾನವಾಗಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಆ ಮಧ್ಯಾಹ್ನದ ಮೇಲೆ ನಾನು ಒಂದು ಸಲವೂ ಅವರ ಬೆನ್ನ ಹಿಂದೆ ನಿಂತು ಬಾಯಿ ತೆರೆದವಳಲ್ಲ.

ನಾನು ಹೊರಡುವ ಹಿಂದಿನ ದಿನ, ನಾಯಿಯ ಬೆನ್ನು ಸವರುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು. "ಅವತ್ತು ನಾನು ಕೈ ತೊಳೀತಿದ್ದಾಗ ನೀನೇನೋ ಅಂದೆ. ಊಟಕ್ಕೆ ಕರೆಯಕ್ಕೆ ಬಂದ ನಿಮ್ಮಮ್ಮನ ಮುಖ ನೋಡಿ ಗೊತ್ತಾಯ್ತು. ಏನಂದೆ?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ಬೆಳ್ಳಗೆ ಎಷ್ಟು ಚೆನ್ನಾಗೈತೆ, ಇಟ್ಕೊಳ್ಳೋಣ ಅಪ್ಪ ಅಂದೆ" ಅಂದೆ.

ನಂಬಿದರೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಅಪ್ಪ ನಕ್ಕರು.

"ನೀನು ಬರೀ ಮೈ ಬಣ್ಣ ನೋಡ್ತೀಯ" ಅಂದು, ಐದೂ ಬೆರಳು ಸೇರಿಸಿ ಬಾಯಿಗೆ ತಂದು ತೋರಿಸಿದರು. ಊಟದ ಹೊತ್ತಾಗಿತ್ತು.