ತೆಳು ಟೈರಿನ ಕಾರು

ಹೆಡತಲೆ ಊರಿನ ನಮ್ಮ ಬೀದಿಯಲ್ಲಿ ಕಾರಿದ್ದದ್ದು ನನಗೊಬ್ಬನಿಗೇ. ಸೆಕೆಂಡ್ ಹ್ಯಾಂಡ್ ಗಾಡಿ, ಹೆಸರಿಗೆ ನನ್ನದು, ಹತ್ತುವವರು ಬೀದಿಯವರೆಲ್ಲ. ಬಸುರಿ, ಬಾಣಂತಿ, ಜ್ವರ ಬಂದ ಕೂಸು, ಯಾರೇ ಆಗಲಿ ನಂಜನಗೂಡಿನ ಆಸ್ಪತ್ರೆಗೆ ನನ್ನ ಕಾರೇ. ಎಲ್ಲರಿಗಿಂತ ಹೆಚ್ಚು ಸಲುಗೆ ಎದುರುಮನೆಯ ಅವ್ವನದು. ಹೆತ್ತವಳಲ್ಲ, ನನ್ನ ತಾಯಿ ತೀರಿಕೊಂಡ ಮೇಲೆ ಅನ್ನ ಹಾಕಿದವಳು. ಬಾಗಿಲು ತೆಗೆದು ಕೂತ ಮೇಲೆಯೇ ಎಲ್ಲಿಗೆ ಹೋಗಬೇಕೆಂದು ಹೇಳುತ್ತಿದ್ದಳು.

ನನಗೆ ಶೋಕಿ ಹತ್ತಿತು. ಮೈಸೂರಿಗೆ ಹೋಗಿ ದೊಡ್ಡ ಅಲಾಯ್ ವೀಲು, ಅದಕ್ಕೊಪ್ಪುವ ತೆಳು ಟೈರು ಹಾಕಿಸಿಕೊಂಡು ಬಂದೆ. ಅಂಗಡಿಯವನು ಹೇಳಿಯೇ ಇದ್ದ: ರಬ್ಬರು ಕಮ್ಮಿ, ಗುಂಡಿಗೆ ಬಿದ್ದರೆ ಏಟು ನೇರ ವೀಲಿಗೇ, ಭಾರ ಹೇರಬೇಡಿ. ನಮ್ಮೂರ ರಸ್ತೆಗೆ ಇದು ಆಗಿಬರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಡಲು ಚೆನ್ನಾಗಿತ್ತು, ಅಷ್ಟೆ.

"ಏನ್ಲಾ ಇದು, ಎತ್ತಿನ್ ಗಾಡಿಗೆ ಕಬ್ಣದ್ ಪಟ್ಟಿ ಒಡ್ದಂಗದೆ" ಎಂದು ಅವ್ವ ನಕ್ಕಳು.

ಅದೇ ವಾರ ಇಬ್ಬರು ನೆಂಟರನ್ನೂ ಎರಡು ರಾಗಿ ಮೂಟೆಯನ್ನೂ ಹತ್ತಿಸಿದಳು. ಒಂದು ಗುಂಡಿಯಲ್ಲಿ ವೀಲು ನೆಗ್ಗಿತು. ನೆಂಟರ ಎದುರೇ ಕೂಗಾಡಿದೆ: "ಇದೇನ್ ಟೆಂಪೋನಾ? ಇನ್ಮೇಲೆ ಯಾರೂ ಅತ್ಬ್ಯಾಡಿ!" ಅವ್ವನ ಮುಖ ಚಿಕ್ಕದಾಯಿತು. ಆಮೇಲೆ ಬೀದಿಯವರು ಯಾರೂ ಕಾರು ಕೇಳಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹಾಯೆನಿಸಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಹಿಡಿದು ವೀಲು ಒರೆಸುತ್ತಿದ್ದೆ. ಅವ್ವ ಗಂಡನ ಹೆಗಲು ಹಿಡಿದುಕೊಂಡು ಹೊರಗೆ ಬಂದಳು. ಮುಖವೆಲ್ಲ ಬೆವೆತಿತ್ತು.

"ಎಲ್ಗವ್ವ?" ಅಂದೆ.

"ಎದೆ ಇಡ್ಕಂಡದೆ ಕಣಪ್ಪ, ಗ್ಯಾಸಿರ್ಬೇಕು. ಬಸ್ಸಲ್ಲಿ ನಂಜನಗೂಡ್ಗೆ ಓಗಿ ತೋರಿಸ್ಕಬತ್ತೀನಿ."

ನಮ್ಮಿಬ್ಬರ ನಡುವೆ ಕಾರು ನಿಂತಿತ್ತು. ಅವಳು ಅದರತ್ತ ನೋಡಲೂ ಇಲ್ಲ. ಬಾ ಕೂತ್ಕೊ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. "ಉಷಾರು" ಅಂದೆ, ಮತ್ತೆ ಒರೆಸತೊಡಗಿದೆ. ಬಸ್ಸು ಬರುವುದು ತಡವಾಯಿತು. ಸ್ಟಾಪಿನ ಕಟ್ಟೆಯ ಮೇಲೆಯೇ ಅವಳ ಜೀವ ಹೋಯಿತು.

ಯಾರೂ ನನ್ನನ್ನು ದೂರಲಿಲ್ಲ. ಉಗಿದಿದ್ದರೆ ಎಷ್ಟೋ ವಾಸಿಯಿತ್ತು. ಬೂದಿಯನ್ನು ತಿ. ನರಸೀಪುರದ ಸಂಗಮದಲ್ಲಿ ಬಿಡಲು ಅವಳ ಗಂಡ ಬಸ್ಸಿಗೇ ಹೊರಟಿದ್ದರು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಅವರನ್ನು ಕಾರಿನಲ್ಲಿ ಕೂರಿಸಿದೆ. ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ಊರು ದಾಟಿದ ಮೇಲೆ ಟಾರು ಕಿತ್ತುಹೋಗಿತ್ತು. ದೊಡ್ಡದೊಂದು ಗುಂಡಿ ಕಂಡೊಡನೆ ಅವರು ಒಂದು ಕೈ ಬಿಡಿಸಿ ಬಾಗಿಲು ತಡವಿದರು.

"ನಿಲ್ಸು ಮಗ" ಅಂದರು. "ನಾವಿಬ್ರೂ ಇಳ್ಕತೀವಿ. ನಿನ್ ಚಕ್ರ ನೆಗ್ಗದಂಗೆ ದಾಟುಸ್ಕೊ."