ಎಂಟು ಗಂಟೆಯ ಬಸ್ಸು

ರಾತ್ರಿ ಎಂಟಾಯಿತೆಂದರೆ ನಮ್ಮ ಮನೆಯ ಮಕ್ಕಳಿಗೆ ಮೈಮೇಲೆ ಬಂದಂತಾಗುತ್ತಿತ್ತು. ಅಲ್ಲಿಯವರೆಗೂ ತಮ್ಮ ಪಾಡಿಗೆ ತಾವು ಅನ್ನ ಕಲಸಿ ತಿನ್ನುತ್ತ, ಆಕಳಿಸುತ್ತ, ಕಣ್ಣುಜ್ಜಿಕೊಳ್ಳುತ್ತ ಕೂತಿದ್ದವು, ನಾನು ಹಾಸಿಗೆ ಬಿಚ್ಚುವುದೇ ತಡ, ಎದ್ದು ಕುಣಿಯಲು ಶುರು. ಮಗಳಿಗೆ ಆಗ ಐದು ವರ್ಷ, ಮಗನಿಗೆ ಮೂರು. ಅವಳು ದಿಂಬಿನಿಂದ ದಿಂಬಿಗೆ ಹಾರಿದರೆ, ಅವನು ಚಡ್ಡಿ ಕಳಚಿ ತಲೆಗೆ ಹಾಕಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿದ್ದ. ನಗು ಅಂದರೆ ಎಂಥ ನಗು, ಉಸಿರು ಸಿಕ್ಕಿಕೊಳ್ಳುವಷ್ಟು. ನಿದ್ದೆ ಬಂದಿರುವ ಮಕ್ಕಳು ಬಂದ ನಿದ್ದೆಯನ್ನೇ ಯಾಕೆ ಹೊಡೆದೋಡಿಸುತ್ತವೆ ಅನ್ನುವುದು ನನಗೆ ಬಗೆಹರಿಯಲೇ ಇಲ್ಲ.

ನಾವಿದ್ದದ್ದು ಜಿಗಣಿಯಲ್ಲಿ, ಕಾರ್ಖಾನೆಗಳ ಹಿಂಬದಿಯ ಒಂದು ಓಣಿಯಲ್ಲಿ. ಮೊದಲನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಗದಗದ ಕಡೆಯಿಂದ ಬಂದ ನಾನು ಅಚ್ಚು ತಯಾರಿಸುವ ಕಾರ್ಖಾನೆಯೊಂದರಲ್ಲಿ ಹಗಲು ಪಾಳಿಯ ಕೆಲಸಗಾರ. ನನ್ನ ಹೆಂಡತಿ ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿದ್ದಳು. ಅವಳಿಗೆ ಒಂದು ವಾರ ಹಗಲು ಪಾಳಿ, ಮುಂದಿನ ವಾರ ನೈಟ್ ಶಿಫ್ಟು. ಆ ವರ್ಷವಷ್ಟೇ ಅವಳನ್ನು ಲೈನ್ ಲೀಡರ್ ಮಾಡಿದ್ದರು. ಅಂದರೆ ಒಂದು ಸಾಲಿನ ಹೆಣ್ಣುಮಕ್ಕಳಿಗೆಲ್ಲ ಅವಳೇ ದೊಡ್ಡವಳು. ಊರಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡದಿದ್ದವಳು ಈಗ ಫೋನಿನಲ್ಲಿ ಗತ್ತಿನಿಂದ ಮಾತಾಡುವುದನ್ನು ಕೇಳುವುದೇ ನನಗೊಂದು ಖುಷಿಯಾಗಿತ್ತು.

ನೈಟ್ ಶಿಫ್ಟಿನ ಮೊದಲ ದಿನ ಒಂದು ರಾಮಾಯಣವೇ ಆಯಿತು. ಅಮ್ಮ ಯೂನಿಫಾರಂ ತೊಟ್ಟದ್ದನ್ನು ನೋಡಿದ ಮಗ ಕಾಲಿಗೆ ಜೋತುಬಿದ್ದ. ಬಿಡಿಸಿಕೊಂಡರೆ ಇನ್ನೊಂದು ಕಾಲು. ಅವಳು ಅರ್ಧ ಮೆಟ್ಟಿಲು ಇಳಿದು, ಕೂಗು ಕೇಳಿ ಮತ್ತೆ ಹತ್ತಿ ಬಂದಳು. ಅಷ್ಟರಲ್ಲಿ ಕಂಪನಿಯ ವ್ಯಾನು ಹೋಗಿಬಿಟ್ಟಿತ್ತು. ಅಡುಗೆಮನೆಯಲ್ಲಿ ಯೂನಿಫಾರಮ್ಮಿನಲ್ಲೇ ಕೂತು ಅತ್ತಳು. ಮಗಳು ಒಂದು ಲೋಟ ನೀರು ತಂದು ಅವಳ ಪಕ್ಕದಲ್ಲಿಟ್ಟು ನೋಡುತ್ತ ನಿಂತಿದ್ದಳು. ನಾನು ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ವ್ಯಾನಿನ ಡ್ರೈವರನ್ನು ಬೈದೆ.

ಮರುದಿನದಿಂದ ನಾವೂ ಓಣಿಯವರೆಲ್ಲ ಮಾಡುವುದನ್ನೇ ಮಾಡಿದೆವು, ಮಕ್ಕಳ ಕಣ್ಣು ತಪ್ಪಿಸಿ ಹೋಗುವುದು. ನಮ್ಮ ಓಣಿಯಲ್ಲಿ ಶಿಫ್ಟಿಗೆ ಹೋಗುವ ಯಾವ ತಾಯಿಯೂ ಮಕ್ಕಳಿಗೆ ಹೇಳಿ ಹೋಗುವುದಿಲ್ಲ. ಯೂನಿಫಾರಮ್ಮಿನ ಮೇಲೊಂದು ನೈಟಿ. ಚಪ್ಪಲಿ ಸಂಜೆಯೇ ಹೊರಗಿನ ನೀರಿನ ಡ್ರಮ್ಮಿನ ಹಿಂದೆ. ಐಡಿ ಕಾರ್ಡು ಬುತ್ತಿಚೀಲದೊಳಗೆ. ವ್ಯಾನು ಬೇಕರಿಯ ತಿರುವಿನಲ್ಲೇ ನಿಲ್ಲಬೇಕು, ಹಾರನ್ ಹೊಡೆಯಬಾರದು. ಇಷ್ಟೆಲ್ಲ ಬಂದೋಬಸ್ತಿನಲ್ಲಿ ನನ್ನ ಪಾಲಿನ ಕೆಲಸ ಮಕ್ಕಳನ್ನು ನಗಿಸುವುದು. ಹಾಸಿಗೆಯ ಚಾದರದ ಮೇಲೆ ಇಬ್ಬರನ್ನೂ ಕೂರಿಸಿ ಕೋಣೆ ತುಂಬ ಎಳೆಯುತ್ತಿದ್ದೆ. ಅದು ಬಸ್ಸು, ನಾನೇ ಡ್ರೈವರು, ನಾನೇ ಕಂಡಕ್ಟರು. ಜಿಗಣಿಯಲ್ಲಿ ಹೊರಟು, ಆನೇಕಲ್ಲಿನಲ್ಲಿ ತಿರುಗಿ, ಸರ್ಜಾಪುರದ ಗುಂಡಿಗಳಲ್ಲಿ ಎತ್ತಿ ಹಾಕುತ್ತಿದ್ದೆ. ಗುಂಡಿ ಬಂದಾಗ ಮಕ್ಕಳು ಕಿರುಚಿ ನಗಬೇಕು. ಆ ನಗುವಿನಲ್ಲಿ ಬಾಗಿಲಿನ ಚಿಲಕದ ಸದ್ದು ಮುಚ್ಚಿಹೋಗಬೇಕು.

ಉಪಾಯ ಚೆನ್ನಾಗಿಯೇ ನಡೆಯಿತು. ಅಮ್ಮ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ತಲೆನೋವು ಶುರುವಾದದ್ದು ಆಮೇಲೆ. ಹಗಲು ಪಾಳಿಯ ವಾರದಲ್ಲಿ ಬಸ್ಸೂ ಇಲ್ಲ, ಕಂಡಕ್ಟರೂ ಇಲ್ಲ. ಅಮ್ಮ ಮನೆಯಲ್ಲೇ ಕೂತು ಸೊಪ್ಪು ಬಿಡಿಸುತ್ತಿರುತ್ತಾಳೆ. ಆದರೂ ಎಂಟಕ್ಕೆ ಸರಿಯಾಗಿ ಮಗಳೇ ಚಾದರ ಎಳೆದು ತಂದು ನನ್ನ ಕೈಗೆ ಕೊಡುವಳು. ಇವತ್ತು ಬೇಡ ಮಲಗು ಅಂದರೆ, ತಮ್ಮನನ್ನು ತಾನೇ ಕಚಗುಳಿಯಿಟ್ಟು ನಗಿಸುವಳು. ಒಮ್ಮೊಮ್ಮೆ ನಗುತ್ತ ನಗುತ್ತಲೇ ಬಾಗಿಲ ಕಡೆ ನೋಡುವಳು. ಮತ್ತೆ ಇನ್ನೂ ಜೋರು. ಇದು ಆಟದ ಹುಚ್ಚೋ, ಹಟವೋ, ಏನಾದರೂ ರೋಗವೋ ನನಗಂತೂ ತಿಳಿಯಲಿಲ್ಲ.

ಕೆಳಗಿನ ಮನೆಯಲ್ಲಿದ್ದ ಓನರಮ್ಮ ಒಂದು ಸಂಜೆ ಮೆಟ್ಟಿಲು ಹತ್ತಿ ಬಂದರು. ಅವರ ಗಂಡನ ಮನೆಯವರು ರಾಗಿ ಬಿತ್ತುತ್ತಿದ್ದ ಹೊಲದಲ್ಲೇ ಆ ಕಟ್ಟಡ ಎದ್ದದ್ದು. ಗಲಾಟೆಗೆ ಮನೆ ಖಾಲಿ ಮಾಡಿಸುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಮಕ್ಕಳನ್ನು ಸ್ವಲ್ಪ ಹೊತ್ತು ನೋಡಿ, "ದಿಷ್ಟಿ ಆಗೈತೆ ಕಣಪ್ಪ. ಮಲಗೋ ಹೊತ್ನಾಗೆ ಮಕ್ಳು ಇಂಗೆ ನಗಬಾರ್ದು" ಅಂದರು. ಉಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿಸಿದರು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿಯ ಘಾಟು ಬರುವುದಿಲ್ಲವಂತೆ. ಆದರೆ ಘಾಟಿಗೆ ಇಡೀ ಮಹಡಿಯೇ ಕೆಮ್ಮಿತು. ಓನರಮ್ಮ ಮೂಗು ಮುಚ್ಚಿಕೊಂಡು ಇಳಿದು ಹೋದರು. ಮಕ್ಕಳಿಗೆ ಉಪ್ಪು ಚಟಪಟ ಸಿಡಿದದ್ದೇ ಸಂಭ್ರಮವಾಗಿ ಮತ್ತಷ್ಟು ಕುಣಿದರು.

ಕಾರ್ಖಾನೆಯಲ್ಲಿ ಪಕ್ಕದ ಮಷೀನಿನವನು ಸಂಜೆ ಬಿಸ್ಕತ್ತು ಕೊಡೋದು ನಿಲ್ಲಿಸು ಗುರು ಅಂದ. ನಿಲ್ಲಿಸಿದೆ. ಅತ್ತೆ ಫೋನಿನಲ್ಲಿ ರಾತ್ರಿ ಅನ್ನ ಹಾಕಬೇಡಿ, ರೊಟ್ಟಿ ಹಾಕಿರಿ ಅಂದರು. ರೊಟ್ಟಿ ಹಾಕಿದೆವು. ಡಾಕ್ಟರು ಮೊಬೈಲು ಮುಟ್ಟಿಸಬೇಡಿ ಅಂದರು. ಮೊಬೈಲು ಅಕ್ಕಿಡಬ್ಬಿಯೊಳಗೆ ಹೋಯಿತು. ಬಿಸ್ಕತ್ತು, ಅನ್ನ, ಮೊಬೈಲು ಮೂರನ್ನೂ ಬಿಟ್ಟ ಮಕ್ಕಳು ಎಂಟಕ್ಕೆ ಎದ್ದು ಕುಣಿಯುವುದನ್ನು ಮಾತ್ರ ಬಿಡಲಿಲ್ಲ.

ಮಗಳು ಶಾಲೆಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗತೊಡಗಿದಳು. ಟೀಚರು ಕರೆಸಿದರು. ಹೋಗಿ ಬಂದ ದಿನ ಹೆಂಡತಿ ಹಿಟ್ಟು ಕಲಸುತ್ತಲೇ, "ಈ ತಿಂಗಳ ನೋಡ್ತೀನಿ. ಹಿಂಗ ಇದ್ರ ಕೆಲಸ ಬಿಡ್ತೀನಿ" ಅಂದಳು. ಮಕ್ಕಳು ಹೀಗಾದದ್ದು ತನ್ನ ಶಿಫ್ಟಿನಿಂದಲೇ ಎಂದು ಅವಳ ಮನಸ್ಸಿಗೆ ಬಂದುಬಿಟ್ಟಿತ್ತು. ಹಾಗಲ್ಲ, ನೀನು ಮನೆಯಲ್ಲಿರುವ ವಾರವೂ ಕುಣಿಯುತ್ತವಲ್ಲ ಎಂದು ನಾನು ವಾದಿಸಿದೆ. ಆ ವಾದ ನನಗೇ ಅರ್ಥವಾಗುತ್ತಿರಲಿಲ್ಲ. ಅವಳು ಆ ಕೆಲಸ ಬಿಡುವುದು ನನಗೆ ಬೇಡವಾಗಿತ್ತು. ಲೈನ್ ಲೀಡರ್ ಆದ ಮೇಲೆ ಅವಳ ನಡಿಗೆಯೇ ಬದಲಾಗಿತ್ತು, ಅದು ಹಳೆಯ ನಡಿಗೆಗೆ ಹಿಂದಿರುಗುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ಅದಕ್ಕೇ ಮಕ್ಕಳ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ತಿಂಗಳು ಮುಗಿಯುತ್ತ ಬಂದಿತ್ತು. ಅವತ್ತು ಭಾನುವಾರ, ಮರುದಿನದಿಂದ ನೈಟ್ ಶಿಫ್ಟು. ಎಂಟಾಗುವಾಗ ಹೆಂಡತಿ ಕಸದ ಬಕೆಟ್ಟು ಹಿಡಿದು ಕೆಳಗೆ ಹೋದಳು. ಚಿಲಕದ ಸದ್ದಾಯಿತೋ ಇಲ್ಲವೋ, ಮಗಳು ತಮ್ಮನನ್ನು ಹಾಸಿಗೆಗೆ ಕೆಡವಿ, ಹೊಟ್ಟೆಗೆ ಬಾಯಿ ಹಚ್ಚಿ ಬುರ್ರೆಂದು ಊದಿದಳು. ಅವನು ಕೇಕೆ ಹಾಕಿದ. ನಾನು ಗದರಿದೆ. ನಿಲ್ಲಿಸಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿ, ನಿನಗೆ ಏನಾಗಿದೆ, ನಿದ್ದೆ ಬಂದರೂ ಯಾಕೆ ಹೀಗೆ ಕುಣಿಯುತ್ತೀ ಎಂದು ಕೇಳಿದೆ. ಮುಖ ನೋಡಿದರೆ ಅದರಲ್ಲಿ ನಗುವೇ ಇರಲಿಲ್ಲ. ಕಣ್ಣು ಕೆಂಪಗೆ, ನಿದ್ದೆಗೆ ತೂಗುತ್ತಿತ್ತು.

"ನಾವು ನಗ್ತಾ ಇದ್ರೆ ತಾನೇ ಅಮ್ಮ ಹೋಗೋಕಾಗೋದು" ಅಂದಳು. ನಮ್ಮಿಬ್ಬರದು ಉತ್ತರ ಕರ್ನಾಟಕದ ಮಾತು, ಮಕ್ಕಳದು ಪೂರಾ ಬೆಂಗಳೂರಿನದು.

ಅಮ್ಮ ಹೋಗುವುದು ನಿನಗೆ ಗೊತ್ತಾ ಎಂದು ಕೇಳಿದೆ. ಗೊತ್ತು ಎಂದು ತಲೆಯಾಡಿಸಿದಳು. ಡ್ರಮ್ಮಿನ ಹಿಂದಿನ ಚಪ್ಪಲಿಯನ್ನೂ ಮೊದಲ ವಾರವೇ ನೋಡಿದ್ದಳಂತೆ. ತಮ್ಮ ಅತ್ತ ದಿನ ಅಮ್ಮನ ವ್ಯಾನು ಹೋಗಿಬಿಟ್ಟಿತು, ಅಮ್ಮ ಅಡುಗೆಮನೆಯಲ್ಲಿ ಅತ್ತಳು. ಅದಕ್ಕೇ ಅವನು ಅಳದಂತೆ ನೋಡಿಕೊಳ್ಳುತ್ತಿದ್ದಳು. ನಾನು ಬಸ್ಸು ಎಳೆಯುತ್ತಿದ್ದದ್ದೂ ಅದಕ್ಕೇ ಎಂದು ಅವಳಿಗೆ ತಿಳಿದಿತ್ತು. ಎಳೆಯದ ದಿನ ಅಪ್ಪ ಮರೆತನೆಂದುಕೊಂಡು ಆ ಕೆಲಸವನ್ನು ತಾನೇ ಹೊತ್ತಿದ್ದಳು.

ಆದರೆ ಈ ವಾರವೆಲ್ಲ ಅಮ್ಮ ರಾತ್ರಿ ಮನೆಯಲ್ಲೇ ಇದ್ದಳಲ್ಲ, ಎಲ್ಲಿಗೂ ಹೋಗಲಿಲ್ಲವಲ್ಲ ಎಂದೆ.

"ಅದು ನಂಗೆ ಹೆಂಗಪ್ಪಾ ಗೊತ್ತಾಗುತ್ತೆ? ನೀವು ಹೇಳಲ್ವಲ್ಲ" ಅಂದಳು.

ಪಾಳಿ ಬದಲಾಗುವುದು ನಮ್ಮಿಬ್ಬರಿಗೆ ಗೊತ್ತು, ವ್ಯಾನಿನ ಡ್ರೈವರನಿಗೂ ಗೊತ್ತು. ಆ ಮಗುವಿಗೆ ಎಲ್ಲ ರಾತ್ರಿಗಳೂ ಒಂದೇ. ಅಮ್ಮ ಯಾವತ್ತು ಹೋಗುತ್ತಾಳೆಂದು ತಿಳಿಯದೆ, ಯಾವುದಕ್ಕೂ ಇರಲಿ ಎಂದು, ಅವಳು ದಿನವೂ ನಗುತ್ತಿದ್ದಳು. ನಾನು ಅವಳ ರಟ್ಟೆ ಬಿಟ್ಟೆ. ಖಾಲಿ ಬಕೆಟ್ಟು ಹಿಡಿದ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅವಳು ಅಂದು ಮಕ್ಕಳಿಬ್ಬರನ್ನೂ ಮಗ್ಗುಲಲ್ಲಿ ಮಲಗಿಸಿಕೊಂಡು, ಇವತ್ತು ನಾನು ಎಲ್ಲಿಗೂ ಹೋಗುವುದಿಲ್ಲ, ನಾಳೆ ರಾತ್ರಿ ಹೋಗುತ್ತೇನೆ ಎಂದು ಬಿಡಿಸಿ ಹೇಳಿದಳು. ಮಗಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡು, ಕಣ್ಣು ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

ಸೋಮವಾರ ಹೆಂಡತಿ ನೈಟಿ ಹಾಕಿಕೊಳ್ಳಲಿಲ್ಲ. ಯೂನಿಫಾರಂ ತೊಟ್ಟು, ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು, ಮಕ್ಕಳ ಮುಂದೆ ನೆಲದ ಮೇಲೆ ಕೂತಳು. "ಕೆಲಸಕ್ಕ ಹೋಗಿ ಬರ್ತೀನಿ. ನೀವು ಏಳೂದ್ರಾಗ ಮನ್ಯಾಗ ಇರ್ತೀನಿ" ಅಂದಳು. ನಾವು ಅಂದುಕೊಂಡಂತೆಯೇ ಮಗ ಕಾಲು ಹಿಡಿದು ಬೊಬ್ಬೆಯಿಟ್ಟ. ನಾನು ಬಿಡಿಸಿ ಎತ್ತಿಕೊಂಡೆ. ಅವಳು ಹಿಂತಿರುಗಿ ನೋಡುತ್ತಲೇ ಮೆಟ್ಟಿಲಿಳಿದಳು, ಈ ಸಲ ಮತ್ತೆ ಹತ್ತಿ ಬರಲಿಲ್ಲ. ಸರಿ ಮಾಡುತ್ತಿದ್ದೇವೋ ತಪ್ಪು ಮಾಡುತ್ತಿದ್ದೇವೋ ನನಗೆ ಆಗಲೂ ಗೊತ್ತಿರಲಿಲ್ಲ. ಮಕ್ಕಳು ನಗುತ್ತಿದ್ದಾಗ ಮನೆ ಇಷ್ಟು ಭಾರ ಅನ್ನಿಸಿರಲಿಲ್ಲ.

ಮಗ ಹೆಗಲ ಮೇಲೆ ಬಿಕ್ಕಿ ಬಿಕ್ಕಿ ಸುಸ್ತಾದ. ಮಗಳು ಮಾತ್ರ ಕೋಣೆಯ ನಡುವೆ ಚಾದರ ಹಿಡಿದು ನಿಂತೇ ಇದ್ದಳು. ಬಾಗಿಲು ನೋಡಿದಳು, ತಮ್ಮನನ್ನು ನೋಡಿದಳು, ಆಮೇಲೆ ನನ್ನ ಹತ್ತಿರ ಬಂದಳು.

"ಅಪ್ಪಾ, ಈಗ ನಾನು ನಗ್ಬೇಕಾ, ಅಳ್ಬೇಕಾ?"

ನಿನಗೆ ಯಾವುದು ಬರುತ್ತದೋ ಅದು ಅಂದೆ. ಅವಳು ಚಾದರವನ್ನು ಹಾಸಿಗೆಯ ಮೇಲಿಟ್ಟು, ನನ್ನ ತೊಡೆಯಲ್ಲಿ ಮುಖವಿಟ್ಟು, ಅಳತೊಡಗಿದಳು.