ಮಂಗಗಳ ಸದ್ದಡಗಿದ ಬೇಸಿಗೆಯ ಓದು

ಏಕೀಕರಣವಾದ ಮರುವರ್ಷದ ಬೇಸಿಗೆಯಲ್ಲಿ ನಾನು ಓದಿದ್ದು ಮೂರೇ ಪುಸ್ತಕ: ಒಂದು ಪತ್ತೇದಾರಿ ಕಾದಂಬರಿ, ಒಂದು ಹಿಮಾಲಯ ಯಾತ್ರೆಯ ಕಥನ, ಮತ್ತೊಂದು ಮನೆವೈದ್ಯದ ಕೈಪಿಡಿ. ಆಗ ನಾನು ನಿಲ್ಕುಂದದ ಹತ್ತಿರ ಏಕೋಪಾಧ್ಯಾಯ ಶಾಲೆಯ ಮಾಸ್ತರ. ಶನಿವಾರ ಶಾಲೆ ಬಿಟ್ಟ ಮೇಲೆ ಸಿದ್ದಾಪುರಕ್ಕೆ ಹೋಗಿ ವಾಚನಾಲಯದಿಂದ ಪುಸ್ತಕ ತರುತ್ತಿದ್ದೆ.

ನಾನು ಉಳಿದುಕೊಂಡಿದ್ದ ಮನೆಯ ಯಜಮಾನರ ಅಕ್ಕ, ಐವತ್ತು ದಾಟಿದ ವಿಧವೆ. ಅಕ್ಷರ ಬಾರದು, ಕಥೆಯ ಹಸಿವು ಮಾತ್ರ ನನಗಿಂತ ಹೆಚ್ಚು. ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವರು. ಸಂಜೆ ಜಗಲಿಯ ಮೆಟ್ಟಿಲ ಮೇಲೆ ಕೂತು, ನಾನು ಓದುವ ಪತ್ತೇದಾರಿ ಕಾದಂಬರಿ ಕೇಳುವರು. ಅದರಲ್ಲಿ ಮರದ ಮಿಲ್ಲಿನ ಮಾಲೀಕನಿಗೆ ವಿಷವಿಟ್ಟವರು ಯಾರೆಂದು ಮೂರನೆಯ ಅಧ್ಯಾಯಕ್ಕೇ ಹೇಳಿಬಿಟ್ಟಿದ್ದರು.

ಒಂದು ಸಂಜೆ ಓದಿನ ನಡುವೆ ತಡೆದರು. "ಮಾಸ್ತರ್ರೇ, ಬೆಟ್ಟದಲ್ಲಿ ಮಂಗನ ಸದ್ದೇ ಇಲ್ಲೆ. ಹಳ್ಳದ ಬದಿಗೆ ಎರಡು ಸತ್ತು ಬಿದ್ದಿದ್ದು."

"ಯಾರೋ ಬಂದೂಕು ಹೊಡೆದಿರಬೇಕು."

"ಗಾಯ ಎಂತೂ ಇಲ್ಲೆ. ಮೂಗಲ್ಲಿ ರಕ್ತ ಇದ್ದು."

ಕಥೆಯಲ್ಲಿ ಆಗಷ್ಟೇ ಪೊಲೀಸರು ಬಾಗಿಲು ಬಡಿಯುತ್ತಿದ್ದರು. ನಾನು ಪುಟ ತಿರುಗಿಸಿದೆ. ಅವರೂ ಮತ್ತೆ ಕಥೆಗೆ ಕಿವಿಗೊಟ್ಟರು. ಮರುದಿನ ಎಂದಿನಂತೆ ಬೆಟ್ಟಕ್ಕೆ ಹೋದರು.

ವಾರ ಕಳೆಯುವಷ್ಟರಲ್ಲಿ ಅವರಿಗೆ ಜ್ವರ ಬಂತು. ಪುಸ್ತಕ ಹಿಡಿದು ಹೋದರೆ ಕೈ ಅಡ್ಡ ಮಾಡಿದರು. "ತಲೆ ಒಡ್ದು ಹೋಗ್ತಾ ಇದ್ದು. ಇವತ್ತು ಬೇಡ." ಕಣ್ಣು ಕೆಂಡದ ಹಾಗಿತ್ತು. ನಾನು ಕೈಪಿಡಿಯ ಜ್ವರದ ಅಧ್ಯಾಯ ತೆಗೆದು ಒಂದೊಂದೇ ಲಕ್ಷಣ ತಾಳೆ ನೋಡಿದೆ. ಮಲೇರಿಯಾ ಅಲ್ಲ, ವಿಷಮಶೀತ ಜ್ವರವೂ ಅಲ್ಲ. ನಾಲ್ಕನೆಯ ದಿನ ವಸಡಿನಿಂದ ರಕ್ತ ಬರತೊಡಗಿತು. ಆ ಪುಸ್ತಕದಲ್ಲಿ ಇಂಥ ಜ್ವರವೇ ಇರಲಿಲ್ಲ.

ಗಾಡಿ ಕಟ್ಟಿ ಸಿದ್ದಾಪುರದ ಆಸ್ಪತ್ರೆಗೆ ಒಯ್ದೆವು. "ಊರಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯೇ?" ಎಂದು ಡಾಕ್ಟರು ಕೇಳಿದರು. ತರಗೆಲೆಗೆ ಹೋಗುವ ಇನ್ನೊಂದು ಮನೆಯಲ್ಲೂ ಇಬ್ಬರು ಮಲಗಿದ್ದಾರೆಂದೆ. ಆಮೇಲೆ ಸತ್ತ ಮಂಗಗಳ ಮಾತು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಇದನ್ನ ನೀವು ಯಾವಾಗ ಕೇಳಿದ್ದು?"

"ಎರಡು ವಾರವಾಗುತ್ತ ಬಂತು."

ಜ್ವರದ ಹನ್ನೊಂದನೆಯ ದಿನ ಬೆಳಿಗ್ಗೆ ಯಜಮಾನರ ಅಕ್ಕ ತೀರಿಕೊಂಡರು. ಯಜಮಾನರು ಗಾಡಿ ತರಲು ಹೋದಾಗ, ಆಸ್ಪತ್ರೆಯ ಬೆಂಚಿನ ಮೇಲೆ ಕೂರಲಾರದೆ ನಾನು ವಾಚನಾಲಯದೊಳಗೆ ಹೊಕ್ಕೆ. ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಎಂಟು ಸಾಲಿನ ಸುದ್ದಿ ಕಣ್ಣಿಗೆ ಬಿತ್ತು: ಪಕ್ಕದ ಜಿಲ್ಲೆಯ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಕಾಡಿಗೆ ಹೋದವರಿಗೆ ಹೊಸ ಬಗೆಯ ಜ್ವರ ಬರುತ್ತಿದೆ, ಜನ ಅತ್ತ ಹೋಗಬಾರದು. ಮಂಗ ಸತ್ತ ಮಾತು ಕೇಳಿದ ವಾರದ ಶನಿವಾರದ ಪತ್ರಿಕೆ ಅದು. ಆ ಶನಿವಾರವೂ ನಾನು ಅಲ್ಲಿಗೆ ಬಂದಿದ್ದೆ. ಪತ್ರಿಕೆ ಮೇಜಿನ ಮೇಲೆಯೇ ಇದ್ದಿರಬೇಕು. ನಾನು ನೇರ ಕಪಾಟಿಗೆ ಹೋಗಿ ಹಿಮಾಲಯದ ಪುಸ್ತಕ ಎತ್ತಿಕೊಂಡು ಬಂದಿದ್ದೆ.

ಮಳೆ ಹಿಡಿದ ಮೇಲೆ ಜ್ವರ ನಿಂತಿತು. ಮಲಗಿದ್ದ ಇಬ್ಬರೂ ಎದ್ದರು. ಒಬ್ಬಳ ಕೈ ಬಹಳ ಕಾಲ ನಡುಗುತ್ತಿತ್ತು.

ಮರುವರ್ಷ ಮಾಘದ ಒಂದು ಬೆಳಿಗ್ಗೆ, ಪಾಠದ ನಡುವೆ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ಶಾಲೆ ಹಿಂದೆ ಮಂಗ ಬಿದ್ದಿದ್ದು." ನಾನು ಕೈಯಲ್ಲಿದ್ದ ಪುಸ್ತಕ ಮುಚ್ಚಿ, ಮಕ್ಕಳನ್ನೆಲ್ಲ ದೊಡ್ಡ ರಸ್ತೆಯ ಮೇಲೆಯೇ ಮನೆಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿ ಸಿದ್ದಾಪುರದ ಆಸ್ಪತ್ರೆಯ ದಾರಿ ಹಿಡಿದೆ. ಆರು ಮೈಲಿ ನಡೆದರೂ ಎರಡೂ ಬದಿಯ ಕಾಡಿನಲ್ಲಿ ಒಂದು ಕೊಂಬೆಯೂ ಅಲುಗಲಿಲ್ಲ.